ತೋಟದಿಂದ ಬಂದದ್ದು ತೋಟಕ್ಕೇ ಮರಳಲಿ

ಕೊಡಗಿನ ಹೋಮ್‌ಸ್ಟೇ, ಹೋಟೆಲ್, ಕಾಫಿಪುಡಿ ಅಂಗಡಿ ನಡೆಸುವವರಿಗೆ ‘ವೃತ್ತಾಕಾರದ ಆರ್ಥಿಕತೆ’ ಎಂಬ ಮಾತು ಹೊಸದಿರಬಹುದು, ಕೆಲಸ ಹೊಸದಲ್ಲ. ಗದ್ದೆಯ ಹುಲ್ಲು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಕಾಫಿ ಗಿಡದ ಬುಡಕ್ಕೆ ಹೋಗುತ್ತಿದ್ದ ಮನೆಗಳಲ್ಲೇ ನಾವು ಬೆಳೆದದ್ದು. ದುಡ್ಡು ಕೊಟ್ಟು ತಂದದ್ದು ಒಂದೇ ಬಳಕೆಗೆ ಕಸವಾಗದೆ ಇನ್ನೊಂದು ಕೆಲಸಕ್ಕೆ ಒದಗುವಂತೆ ವ್ಯಾಪಾರವನ್ನು ಜೋಡಿಸಿಕೊಳ್ಳುವುದೇ ಇದರ ತಿರುಳು.

ಮೊದಲು ತಕ್ಕಡಿ ಹಿಡಿಯಿರಿ

ಒಂದು ವಾರ ಹೊರಗೆ ಹೋಗುವ ಪ್ರತಿಯೊಂದನ್ನೂ ತೂಗಿ ಪುಸ್ತಕದಲ್ಲಿ ಬರೆಯಿರಿ. ಏನು, ಎಷ್ಟು ಕಿಲೊ, ಅದನ್ನು ಕೊಳ್ಳಲು ಎಷ್ಟು ಕೊಟ್ಟಿರಿ, ಈಗ ಎಲ್ಲಿಗೆ ಹೋಗುತ್ತಿದೆ ಎಂಬ ನಾಲ್ಕು ಕಲಂ ಸಾಕು. ದಸರಾ ರಜೆಯ ಒಂದು ವಾರ, ಪ್ರವಾಸಿಗರಿಲ್ಲದ ಮಳೆಗಾಲದ ಒಂದು ವಾರ, ಎರಡನ್ನೂ ಬರೆದರೆ ಚಿತ್ರ ಸ್ಪಷ್ಟವಾಗುತ್ತದೆ. ಬೇಡವೆನಿಸಿದರೂ ಇದನ್ನು ಬಿಡಬೇಡಿ. ತೂಗದೆ ಕೊಂಡ ಯಂತ್ರ ಕೊನೆಗೆ ಶೆಡ್ಡಿನ ಮೂಲೆ ಸೇರುತ್ತದೆ.

ಕಾಫಿ ಸಿಪ್ಪೆ

ನಮ್ಮಲ್ಲಿ ಅತಿ ದೊಡ್ಡ ರಾಶಿ ಇದೇ. ಹಣ್ಣಿನ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಸಿಪ್ಪೆಯೇ ಇರುತ್ತದೆ. ನವೆಂಬರ್‌ನಿಂದ ಜನವರಿಯವರೆಗೆ ಅರೇಬಿಕಾ ಪಲ್ಪ್ ಮಾಡುವಾಗ (ಹಣ್ಣಿನ ಸಿಪ್ಪೆ ಬಿಡಿಸುವಾಗ) ಇದನ್ನೂ ತೊಳೆದ ನೀರನ್ನೂ ತೋಡಿಗೆ (ಹಳ್ಳಕ್ಕೆ) ಬಿಟ್ಟರೆ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತದೆ. ಆ ತೋಡು ಸೇರುವುದು ಕಾವೇರಿಗೋ ಲಕ್ಷ್ಮಣತೀರ್ಥಕ್ಕೋ. ಕೆಳಗಿನ ಊರಿನವರು ಕುಡಿಯುವುದು ಅದನ್ನೇ.

ಹಸಿ ಸಿಪ್ಪೆಯನ್ನು ನೇರವಾಗಿ ಗಿಡದ ಬುಡಕ್ಕೆ ಸುರಿಯಬೇಡಿ. ಅದು ಹುಳಿಯಾಗಿ, ಬಿಸಿಯೇರಿ ಬೇರಿಗೆ ಪೆಟ್ಟು ಕೊಡುತ್ತದೆ. ತೋಡಿನಿಂದ ದೂರ, ಎತ್ತರದ ಜಾಗದಲ್ಲಿ ಒಂದು ಗೇಣು ಸಿಪ್ಪೆ ಹರಡಿ. ಮೇಲೆ ಸಗಣಿ ಬಗ್ಗಡ, ಅದರ ಮೇಲೆ ನೆರಳು ಮರಗಳ ಒಣ ಎಲೆ, ಹುಳಿ ಮುರಿಯಲು ತೆಳುವಾಗಿ ಕೃಷಿ ಸುಣ್ಣ. ಹೀಗೇ ಪದರ ಪದರವಾಗಿ ಎದೆಮಟ್ಟಕ್ಕೆ ಏರಿಸಿ. ನಾಲ್ಕೈದು ದಿನ ಕಳೆದು ಕಬ್ಬಿಣದ ಸರಳು ಚುಚ್ಚಿ ತೆಗೆದಾಗ ಬಿಸಿಯಾಗಿದ್ದರೆ ಗೊಬ್ಬರ ಏಳುತ್ತಿದೆ ಎಂದು ತಿಳಿಯಿರಿ. ತಣ್ಣಗಿದ್ದರೆ ಸಗಣಿಯೋ ನೀರೋ ಸಾಲದು. ಕೆಟ್ಟ ವಾಸನೆ ಬಂದರೆ ಗಾಳಿ ಸಾಲದು, ಒಣ ಎಲೆ ಸೇರಿಸಿ ಮಗುಚಿ. ಎರಡು ಮೂರು ವಾರಕ್ಕೊಮ್ಮೆ ಮಗುಚುತ್ತಿದ್ದರೆ ಮೂರು ನಾಲ್ಕು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಕೈಗೆ ಬರುತ್ತದೆ, ಮುಂಗಾರಿಗೆ ಮುನ್ನ ಬುಡಕ್ಕೆ ಹಾಕಲು ಸರಿಯಾಗಿ. ಸಿಪ್ಪೆಯಲ್ಲಿ ಪೊಟ್ಯಾಷ್ ಹೇರಳ, ಹಾಗಾಗಿ ಕೊಳ್ಳುವ ಗೊಬ್ಬರದ ಚೀಲವೂ ಕಡಿಮೆಯಾಗುತ್ತದೆ.

ಪಲ್ಪರ್ ನೀರನ್ನು ಒಂದೇ ಸಲಕ್ಕೆ ಬಿಡದೆ ಸೋಸಿ ಅದೇ ದಿನ ಮತ್ತೆ ಬಳಸಿ. ಕೊನೆಗೆ ಉಳಿದದ್ದಕ್ಕೆ ಹೊಂಡದಲ್ಲಿ ಸುಣ್ಣ ಬೆರೆಸಿ. ಕ್ಯೂರಿಂಗ್‌ನಲ್ಲಿ (ಒಣಗಿದ ಕಾಫಿಯ ಮೇಲಿನ ಹೊಟ್ಟು ತೆಗೆಯುವಾಗ) ಬಿಡುವ ಒಣ ಹೊಟ್ಟು ಒಳ್ಳೆಯ ಉರುವಲು. ಕೆಫೆಯ ಕಾಫಿ ಗಸಿಯನ್ನು ಗೊಬ್ಬರದ ರಾಶಿಗೆ ಬೆರೆಸಿ, ಐದನೇ ಒಂದು ಪಾಲು ಮೀರದಿರಲಿ.

ಅಡುಗೆಮನೆ

ದಿನಕ್ಕೆ ಸುಮಾರು 50 ಕಿಲೊ ಸಗಣಿ ಸಿಗುವವರಿಗೆ 2 ಘನ ಮೀಟರಿನ ಗೋಬರ್ ಗ್ಯಾಸ್ ಹೊಂದುತ್ತದೆ. ಒಂದು ಘನ ಮೀಟರ್ ಅನಿಲ ಹೆಚ್ಚುಕಡಿಮೆ 0.4 ಕಿಲೊ ಅಡುಗೆ ಅನಿಲಕ್ಕೆ ಸಮ. ಮಡಿಕೇರಿಯ ಡಿಸೆಂಬರ್ ಚಳಿಗೆ ಅನಿಲ ಕಡಿಮೆಯಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ದನವಿಲ್ಲದವರಿಗೆ ಅಡುಗೆಮನೆಯ ಕಸ ಹಾಕಲು ಮುಚ್ಚಳವಿರುವ ಗೊಬ್ಬರದ ತೊಟ್ಟಿಯೇ ಲೇಸು. ಹಲಸಿನ ಸಿಪ್ಪೆಯನ್ನು ಮಾತ್ರ ಬಯಲಲ್ಲಿ ಬಿಡಲೇಬೇಡಿ. ಆ ಘಮಕ್ಕೆ ಆನೆ ಅಂಗಳಕ್ಕೆ ಬರುತ್ತದೆ.

ಉಳಿದ ಊಟವನ್ನು ಹಂದಿ ಸಾಕುವವರಿಗೆ ಕೊಡುವುದು ನಮ್ಮಲ್ಲಿ ರೂಢಿ. ಪಂದಿ ಕರಿಯ (ಹಂದಿ ಮಾಂಸದ ಸಾರಿನ) ಎಂಜಲು ಅದರಲ್ಲಿ ಸೇರಬಾರದು. ಆಫ್ರಿಕನ್ ಹಂದಿ ಜ್ವರ ಹರಡುವ ದಾರಿಗಳಲ್ಲಿ ಸೋಂಕಿತ ಮಾಂಸದ ಎಂಜಲೂ ಒಂದು. ನಮ್ಮಲ್ಲಿ ಅದಕ್ಕೆ ಲಸಿಕೆಯ ಆಸರೆಯಿಲ್ಲ, ಪಕ್ಕದ ಮನೆಯ ದೊಡ್ಡಿಯೇ ಖಾಲಿಯಾದೀತು. ಮಾಂಸವಿಲ್ಲದ್ದನ್ನು ಬೇರೆ ಡಬ್ಬಿಯಲ್ಲಿ ಇಟ್ಟು, ಚೆನ್ನಾಗಿ ಕುದಿಸಿಯೇ ಹಾಕಿಸಿ.

ಕರಿದ ಎಣ್ಣೆಗೂ ದಾರಿಯಿದೆ. ಅದರ ಒಟ್ಟು ಧ್ರುವೀಯ ಸಂಯುಕ್ತ (ಎಣ್ಣೆ ಮತ್ತೆ ಮತ್ತೆ ಕಾದಾಗ ಹುಟ್ಟುವ ಕೆಟ್ಟ ಅಂಶ) 25% ಮೀರಿದರೆ ಮತ್ತೆ ಅಡುಗೆಗೆ ಬಳಸುವಂತಿಲ್ಲ. 2018ರ ಜುಲೈನಿಂದ ಈ ಮಿತಿ ಜಾರಿಯಲ್ಲಿದೆ. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಕ್ಯಾನಿನಲ್ಲಿ ಕೂಡಿಟ್ಟು, ಬಯೋಡೀಸೆಲ್ ತಯಾರಿಗೆ ಸಂಗ್ರಹಿಸುವವರಿಗೆ ಮಾರಿ.

ಕೋಣೆ, ಅಂಗಡಿ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಕೋಣೆಗೆ ಪ್ಲಾಸ್ಟಿಕ್ ಬಾಟಲಿಯ ಬದಲು ಗಾಜಿನ ಹೂಜಿ, ಸ್ನಾನಕ್ಕೆ ಸಣ್ಣ ಶಾಂಪೂ ಪೊಟ್ಟಣದ ಬದಲು ಗೋಡೆಯ ಡಬ್ಬಿ. ಜೇನು ಮಾರುವವರು ಖಾಲಿ ಬಾಟಲಿ ಮರಳಿಸಿದ ಊರ ಗಿರಾಕಿಗೆ ಐದು ಹತ್ತು ರೂಪಾಯಿ ಕಡಿಮೆ ಮಾಡಲಿ. ಹಿಂದಿರುಗಿದ ಬಾಟಲಿಯನ್ನು ಕುದಿಯುವ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ತುಂಬಿ. ತೇವ ಉಳಿದರೆ ಜೇನು ಹುಳಿಯುತ್ತದೆ.

ಒಬ್ಬರಿಂದಾಗದ್ದು ಐದು ಮನೆಗೆ

ಹತ್ತು ಕಿಲೊ ರಟ್ಟಿಗೆ ಗುಜರಿಯವರು ಘಟ್ಟದ ರಸ್ತೆ ಹತ್ತಿ ಬರುವುದಿಲ್ಲ. ಒಂದೇ ರಸ್ತೆಯ ಐದಾರು ಹೋಮ್‌ಸ್ಟೇಗಳು ಒಂದು ಶೆಡ್ಡಿನಲ್ಲಿ ಬಾಟಲಿ, ರಟ್ಟು ಕೂಡಿಟ್ಟು ತಿಂಗಳಿಗೊಮ್ಮೆ ಕರೆದರೆ ಗಾಡಿ ಬರುತ್ತದೆ, ದರವನ್ನೂ ಕೇಳಿ ಪಡೆಯಬಹುದು. ಪ್ಲಾಸ್ಟಿಕ್, ರಬ್ಬರ್, ಇ-ತ್ಯಾಜ್ಯದ ಮರುಬಳಕೆಗೇ ಇಳಿಯುವ ಸಣ್ಣ ಉದ್ಯಮಿಗಳು ಉದ್ಯಮ್ ನೋಂದಣಿ ಮಾಡಿಸಿ, 2023ರ ಕೊನೆಯಲ್ಲಿ ಕೇಂದ್ರ ಆರಂಭಿಸಿದ ‘ಸ್ಪೈಸ್’ ಯೋಜನೆಯನ್ನು ಬ್ಯಾಂಕಿನಲ್ಲಿ ವಿಚಾರಿಸಿ. ಯಂತ್ರಗಳಿಗೆ 25% ಸಬ್ಸಿಡಿ, ಗರಿಷ್ಠ 12.5 ಲಕ್ಷ ರೂಪಾಯಿ ಎಂದು ಅದು ಪ್ರಕಟವಾಗಿತ್ತು.

ಇನ್ನೊಂದು ಕೆಲಸಕ್ಕೆ ಗಡುವಿದೆ. ಮೇ ಮುಗಿಯುವುದರೊಳಗೆ ಗೊಬ್ಬರದ ರಾಶಿಗೆ ತಗಡಿನ ಸೂರು ಹಾಕಿ, ಸುತ್ತ ಮಣ್ಣಿನ ಬದು ಕಟ್ಟಿ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹಿಡಿದ ಮೇಲೆ ರಾಶಿಯ ಸಾರವೆಲ್ಲ ಕರಗಿ ಮತ್ತೆ ಅದೇ ತೋಡಿಗೆ ಇಳಿಯುತ್ತದೆ.