ಡಾಲರ್ ಚಾರ್ಟಲ್ಲಿ ಸ್ಟಾಪ್‌ಲಾಸ್ ಎಷ್ಟು ದೂರ ಇಡ್ಬೇಕು
ಡಾಲರ್-ರೂಪಾಯಿ ಫ್ಯೂಚರ್ಸ್ (ಮುಂದಿನ ತಾರೀಖಿಗೆ ಈಗ್ಲೇ ರೇಟ್ ಗೊತ್ತುಮಾಡ್ಕೊಳ್ಳೋ ಒಪ್ಪಂದ) ನೋಡೋರು ಸ್ಟಾಪ್‌ಲಾಸ್ (ನಷ್ಟ ಇಷ್ಟಾದ್ರೆ ತಾನಾಗೇ ಹೊರಗೆ ಬರೋ ಆರ್ಡರ್) ಯಾವಾಗ್ಲೂ ಹತ್ತೇ ಪೈಸೆ ಅಂತ ಫಿಕ್ಸ್ ಮಾಡ್ಕೊಂಡು ಕೂರ್ಬೇಡಿ, ಡೈಲಿ ಚಾರ್ಟಿಗೆ 14 ದಿನದ ಎಟಿಆರ್ ಇಂಡಿಕೇಟರ್ (ರೇಟು ದಿನಕ್ಕೆ ಸರಾಸರಿ ಎಷ್ಟು ಏರಿಳಿಯುತ್ತೆ ಅಂತ ಹೇಳೋದು) ಹಾಕಿ, ಅದು ತೋರ್ಸೋದ್ರ ಒಂದೂವರೆ ಪಟ್ಟು ದೂರದಲ್ಲಿ ಸ್ಟಾಪ್ ಇಡಿ, ಎಷ್ಟು ಲಾಟ್ ಅನ್ನೋದನ್ನ ಆಮೇಲೆ ಲೆಕ್ಕ ಹಾಕಿ. ಒಂದು ಲಾಟ್ 1000 ಡಾಲರ್, ಅಂದ್ರೆ ಪೈಸೆಗೆ 10 ರೂಪಾಯಿ. ಎಟಿಆರ್ 20 ಪೈಸೆ ಇದ್ರೆ ಸ್ಟಾಪ್ 30 ಪೈಸೆ, ಲಾಟಿಗೆ 300 ರೂಪಾಯಿ ರಿಸ್ಕು, 600 ಹೋದ್ರೂ ಪರ್ವಾಗಿಲ್ಲ ಅನ್ನೋರು ಎರಡೇ ಲಾಟ್ ತಗೊಳ್ಳಿ. ಯಾಕಂದ್ರೆ ರಿಸರ್ವ್ ಬ್ಯಾಂಕ್ ಡಾಲರ್ ಕೊಳ್ತಾ ಮಾರ್ತಾ ಹಿಡಿದಿಟ್ಟಿರೋವಾಗ ರೂಪಾಯಿ ವಾರಗಟ್ಲೆ ಮಿಸುಕಲ್ಲ, ಕೈ ಸಡಿಲ ಆದ್ರೆ ಕೆಆರ್‌ಎಸ್‌ನಿಂದ ನೀರು ಬಿಟ್ಟ ನಾಲೆ ಥರ, ಹಳೇ ಹತ್ತು ಪೈಸೆ ಸ್ಟಾಪು ನೀವು ತಿಂಡಿ ಮುಗ್ಸೋದ್ರೊಳಗೆ ಹೊಡ್ದುಹೋಗಿರುತ್ತೆ. ಈ ಲೆಕ್ಕ ಕೈಕೊಡೋದು ಪೊಸಿಷನ್ (ನಿಮ್ಮ ಸೌದಾ) ಮುಚ್ಚದೆ ರಾತ್ರಿ ಇಟ್ಕೊಂಡಾಗ: ನಮ್ ಮಾರ್ಕೆಟ್ ಸಂಜೆ 5ಕ್ಕೆ ಮುಚ್ಚುತ್ತೆ, ಅಮೆರಿಕದ ಉದ್ಯೋಗದ ಅಂಕಿಅಂಶ ಬರೋದು ನಮ್ಮ 6 ಅಥ್ವಾ 7 ಗಂಟೆಗೆ, ಬೆಳಿಗ್ಗೆ 9ಕ್ಕೆ ಗ್ಯಾಪಲ್ಲಿ, ಅಂದ್ರೆ ಹಿಂದಿನ ರೇಟಿಂದ ಜಿಗಿದು, ಓಪನ್ ಆದ್ರೆ ನೀವಿಟ್ಟ ರೇಟಿಗೆ ಸ್ಟಾಪ್ ಸಿಗಲ್ಲ ಕಣ್ರೀ. ತಿಂಗಳ ಕೊನೇಲಿ ಕಾಂಟ್ರ್ಯಾಕ್ಟ್ ಬದಲಾದಾಗ್ಲೂ ಪ್ರೀಮಿಯಂ (ಸ್ಪಾಟ್ ಅಂದ್ರೆ ಇವತ್ತಿನ ರೇಟಿಗಿಂತ ಫ್ಯೂಚರ್ಸ್ ಎಷ್ಟು ಜಾಸ್ತಿ ಅನ್ನೋದು) ವ್ಯತ್ಯಾಸದಿಂದ ಚಾರ್ಟ್ ಸುಮ್ಸುಮ್ನೆ ಜಿಗಿಯುತ್ತೆ, ಎಟಿಆರ್ ಉಬ್ಬುತ್ತೆ, ಆಗ ಸ್ಪಾಟ್ ಚಾರ್ಟ್ ನೋಡಿ. ಹಾಂ, 2024ರ ಮೇ 3ರಿಂದ ಜಾರೀಲಿರೋ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮೈಸೂರಿನ ಅಗರಬತ್ತಿ ಎಕ್ಸ್‌ಪೋರ್ಟ್ ಥರ ಅಸಲಿ ಡಾಲರ್ ವ್ಯವಹಾರ ಇರೋರು ಮಾತ್ರ ಇದ್ರಲ್ಲಿ ಪೊಸಿಷನ್ ತಗೋಬೋದು, ಮಿಕ್ಕೋರು ಪೇಪರ್ ಟ್ರೇಡಲ್ಲೇ (ದುಡ್ಡು ಹಾಕ್ದೆ ಬರೀ ಲೆಕ್ಕದಲ್ಲಿ) ಕಲೀರಿ.