ರಾಯಚೂರಿನ ಬಿಸಿಲಲ್ಲಿ ನಡಿಗೆ ಅಳೆಯುವುದು ಹೇಗೆ?

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ಅಂದರೆ ಮಿದುಳು, ಬೆನ್ನುಹುರಿಯ ನರಗಳನ್ನು ಕೆಡಿಸಿ ನಡಿಗೆ ನಿಧಾನವಾಗಿಸುವ ಕಾಯಿಲೆ. ಪಡಸಾಲೆಯಿಂದ ಅಡುಗೆಮನೆ ಬಾಗಿಲವರೆಗೆ 25 ಅಡಿ ಅಳೆದು ಸೀಮೆಸುಣ್ಣದ ಗೆರೆ ಎಳೆದಿದ್ದೇನೆ. ಬೀಳದಂತೆ, ಆದಷ್ಟು ಬೇಗ ನಡೆಯಬೇಕು. ಸೆಕೆಂಡ್ ಎಣಿಸುವುದು ನಮ್ಮ ಮನೆಯವರ ಕೆಲಸ. ಎರಡು ಸಲ ನಡೆದು ಸರಾಸರಿ ಬರೆದಿಡಿ. ಕೋಲು ಹಿಡಿದಿದ್ದರೆ ಅದನ್ನೂ ಬರೆಯಿರಿ. 6 ಸೆಕೆಂಡ್ ಇದ್ದದ್ದು 7.2 ಆದರೆ ಶೇ 20 ಜಾಸ್ತಿ. ಡಾಕ್ಟರಿಗೆ ಹೇಳಲೇಬೇಕು.

ಅಳೆಯುವುದು ಬೆಳಿಗ್ಗೆ 7ಕ್ಕೇ. ಒಮ್ಮೆ ಮೇ ತಿಂಗಳ ಮಧ್ಯಾಹ್ನ ನಡೆದು, ಕಾಲೇ ಹೋಯಿತೆಂದು ಸುಮ್ನೆ ಅತ್ತಿದ್ದೆ. ಮೈ ತಂಪಾದ ಮೇಲೆ ಸರಿಹೋಯಿತು!

ಡಾಕ್ಟರು ಬಳಸುವುದು ಇಡಿಎಸ್‌ಎಸ್ ಎಂಬ, ಕಾಯಿಲೆಯಿಂದ ಎಷ್ಟು ತೊಂದರೆಯಾಗಿದೆ ಎಂದು ತೋರಿಸುವ 0ರಿಂದ 10ರ ಅಳತೆ; ಅಂಕ ಏರಿದಷ್ಟೂ ತೊಂದರೆ ಜಾಸ್ತಿ. ಅದು ಕಾಲನ್ನೇ ಜಾಸ್ತಿ ನೋಡುತ್ತದೆ, ಕೈಯನ್ನು ಅಷ್ಟಾಗಿ ಇಲ್ಲ. ಅದಕ್ಕೇ ಬ್ಲೌಸಿನ ಹುಕ್ಕು ಹಾಕಲು ಹಿಡಿಯುವ ಹೊತ್ತನ್ನೂ ನಾನು ಬರೆಯುತ್ತೇನೆ. ಇಡಿಎಸ್‌ಎಸ್ ಅಂಕ ಏರಿ, 3 ಅಥವಾ 6 ತಿಂಗಳ ನಂತರವೂ ಇಳಿಯದಿದ್ದರೆ ಮಾತ್ರ ಕಾಯಿಲೆ ಮುಂದುವರಿದಿದೆ ಎಂದು ಲೆಕ್ಕ.