ಅಡಿಕೆ ವಿಂಗಡಣೆಯ ಸಿ ಕೋಡ್ ಎಫ್‌ಪಿಜಿಎಗೆ ಇಳಿಸಿದ್ದು: ನನ್ನ ಅನುಭವ

ಶಿವಮೊಗ್ಗದ ಮಂಡಿಗೆ ಹೋಗುವ ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡುವ ಕೆಲಸವನ್ನು ಕ್ಯಾಮೆರಾಕ್ಕೆ ಒಪ್ಪಿಸಬೇಕಾದರೆ ಮೊದಲು ಅಡಿಕೆಯ ಅಂಚು, ಮೈಮೇಲಿನ ಗೆರೆ ಸ್ಪಷ್ಟವಾಗಿ ಸಿಗಬೇಕು. ಅದಕ್ಕೆ 640×480 ಬೂದು ಚಿತ್ರದ ಮೇಲೆ ಅಂಚು ಹುಡುಕುವ 3×3 ಸೋಬೆಲ್ ಫಿಲ್ಟರ್ (ಪ್ರತಿ ಪಿಕ್ಸೆಲ್ ಜೊತೆ ಸುತ್ತಲಿನ ಎಂಟನ್ನೂ ನೋಡುವ ಲೆಕ್ಕ) ಹಾಕಿದೆ. ಬೋರ್ಡ್ ಪಿಂಕ್-ಝಡ್2 (PYNQ-Z2; ಇದರಲ್ಲಿ ಎಫ್‌ಪಿಜಿಎ, ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್ ಇದೆ), ಉಪಕರಣ ವೈಟಿಸ್ ಎಚ್‌ಎಲ್‌ಎಸ್.

ಸಿ ಕೋಡ್ ಕೊಟ್ಟರೆ ಉಪಕರಣ ಸರ್ಕ್ಯೂಟ್ ಮಾಡಿಕೊಡುತ್ತದೆ, ನಿಜ. ಆದರೆ ದತ್ತಾಂಶ ಹೇಗೆ ಹರಿಯಬೇಕು ಅನ್ನುವುದನ್ನು ನಾವೇ ಬರೆಯಬೇಕು. ಇಡೀ ಚಿತ್ರವನ್ನು ಒಂದು ಅರೇಯಲ್ಲಿಟ್ಟು ಪ್ರತಿ ಪಿಕ್ಸೆಲ್‌ಗೆ ಒಂಬತ್ತು ಸಲ ಓದುವಂತೆ ಬರೆದರೆ, ಚಿಪ್ಪಿನೊಳಗಿನ ಮೆಮೊರಿಯಾದ ಬ್ಲಾಕ್ ರ‍್ಯಾಮ್‌ಗೆ ಇರುವುದು ಎರಡೇ ಪೋರ್ಟ್, ಅಂದರೆ ಒಂದು ಸೈಕಲ್‌ಗೆ ಎರಡೇ ಓದು. ಒಂಬತ್ತು ಓದಿಗೆ ಐದು ಸೈಕಲ್ ಬೇಕು. ಪೈಪ್‌ಲೈನ್ ಪ್ರಾಗ್ಮಾ (ಕೆಲಸಗಳನ್ನು ಒಂದರ ಮೇಲೊಂದು ಹೊಂದಿಸಿ ಓಡಿಸಲು ಉಪಕರಣಕ್ಕೆ ಕೊಡುವ ಸೂಚನೆ) ಎಷ್ಟು ಹಾಕಿದರೂ ವರದಿಯಲ್ಲಿ ಐಐ (ಒಂದು ಪಿಕ್ಸೆಲ್ ಶುರುವಾದ ಮೇಲೆ ಮುಂದಿನದು ಶುರುವಾಗಲು ಬೇಕಾದ ಸೈಕಲ್) 5ಕ್ಕಿಂತ ಕೆಳಗೆ ಇಳಿಯುವುದಿಲ್ಲ. 100 ಮೆಗಾಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕೆ ಸುಮಾರು 15 ಮಿಲಿಸೆಕೆಂಡ್.

ಇದಕ್ಕೆ ಮದ್ದು ಲೈನ್ ಬಫರ್. ಚಿತ್ರದ ಹಿಂದಿನ ಸಾಲುಗಳನ್ನು ಹಿಡಿದಿಡುವ 640 ಬೈಟಿನ ಎರಡು ಸಾಲು, ಜೊತೆಗೆ ರಿಜಿಸ್ಟರ್‌ನಲ್ಲಿ 3×3 ಕಿಟಕಿ. ಹೊಸ ಪಿಕ್ಸೆಲ್ ಒಂದು ಬಂದಾಗ ಕಿಟಕಿಯೊಳಗಿನ ಪಿಕ್ಸೆಲ್‌ಗಳು ಒಂದು ಹೆಜ್ಜೆ ಎಡಕ್ಕೆ ಸರಿಯುತ್ತವೆ, ಪ್ರತಿ ಸಾಲಿನಿಂದ ಒಂದು ಓದು, ಒಂದು ಬರಹ. ಅರೇ ಪಾರ್ಟಿಷನ್ ಪ್ರಾಗ್ಮಾದಲ್ಲಿ ಸಾಲುಗಳ ಆಯಾಮವನ್ನು ಮಾತ್ರ ಪೂರ್ತಿ ಒಡೆಯಿರಿ, ಆಗ ಪ್ರತಿ ಸಾಲಿಗೂ ಅದರದೇ ರ‍್ಯಾಮ್ ಸಿಗುತ್ತದೆ. ಕಾಲಂಗಳನ್ನೂ ಒಡೆದರೆ ಒಂದೊಂದು ಬಿಟ್ ಹಿಡಿಯುವ ಹತ್ತು ಸಾವಿರಕ್ಕೂ ಹೆಚ್ಚು ಫ್ಲಿಪ್‌ಫ್ಲಾಪ್ ದಂಡ. ಐಐ 1 ಆಯಿತು, ಸಮಯ ಸುಮಾರು 3.1 ಮಿಲಿಸೆಕೆಂಡ್‌ಗೆ ಬಂತು.

ಫ್ಲೋಟ್ (ದಶಮಾಂಶ ಸಂಖ್ಯೆ) ಬೇಡ. ಸೋಬೆಲ್‌ನ ಗುಣಕಗಳು 0, ±1, ±2 ಮಾತ್ರ, ಪೂರ್ಣಾಂಕ ಸಾಕು. ಮೊತ್ತ ಕೂಡಿಸುವ ಲೂಪಿನಲ್ಲಿ ಫ್ಲೋಟ್ ಇಟ್ಟರೆ ಹಿಂದಿನ ಸಂಕಲನ ಮುಗಿಯುವತನಕ ಮುಂದಿನದು ಕಾಯಬೇಕು, ಐಐ ಮತ್ತೆ ಏರುತ್ತದೆ.

ಹೆಚ್ಚು ದಿನ ತಿಂದದ್ದು ಡಿಎಂಎ, ಅಂದರೆ ಮೆಮೊರಿಗೂ ಸರ್ಕ್ಯೂಟಿಗೂ ನಡುವೆ ದತ್ತಾಂಶ ಸಾಗಿಸುವ ಘಟಕ. ಎಎಕ್ಸ್‌ಐ (AXI) ಡಿಎಂಎಯ ಬಫರ್ ಉದ್ದದ ರಿಜಿಸ್ಟರ್ ಡಿಫಾಲ್ಟ್ ಆಗಿ 14 ಬಿಟ್, ಅಂದರೆ ಒಂದು ಸಲಕ್ಕೆ 16 ಕಿಲೋಬೈಟ್ ಒಳಗೆ. ನಮ್ಮ ಚಿತ್ರ 3,07,200 ಬೈಟ್. ಹಾಗಾಗಿ ಕನಿಷ್ಠ 19 ಬಿಟ್ ಇಡಬೇಕು, 18ಕ್ಕೆ ಸಾಲುವುದಿಲ್ಲ. ಇನ್ನೊಂದು, ಕೊನೆಯ ಪಿಕ್ಸೆಲ್ ಜೊತೆ ಟಿ-ಲಾಸ್ಟ್ (ಇದೇ ಕೊನೆಯದು ಅನ್ನುವ ಸಂಕೇತ) ಎತ್ತದಿದ್ದರೆ, ಡಿಎಂಎ ಮುಗಿಯಲಿ ಎಂದು ಕಾಯುವ ಪೈಥಾನಿನ ವೇಟ್ ಕರೆ ಮುಗಿಯುವುದೇ ಇಲ್ಲ, ಯಾವ ತಪ್ಪು ಸಂದೇಶವೂ ಬರುವುದಿಲ್ಲ. ಇಲ್ಲಿ ಸೂಕ್ಷ್ಮ ಒಂದಿದೆ: ಕಿಟಕಿಯ ಮಧ್ಯಬಿಂದು ಒಂದು ಸಾಲು, ಒಂದು ಕಾಲಂ ಹಿಂದೆ ಇರುವುದರಿಂದ ಲೂಪ್ 481×641 ಓಡಬೇಕು. ಒಳಗೆ ಬರುವ ಕೊನೆಯ ಪಿಕ್ಸೆಲ್ ಲೆಕ್ಕ ನೋಡಿ ಟಿ-ಲಾಸ್ಟ್ ಎತ್ತಿದರೆ 641 ಪಿಕ್ಸೆಲ್ ಹಿಂದೆಯೇ ಉಳಿದು ಮುಂದಿನ ಚಿತ್ರದ ನೆತ್ತಿಗೆ ಅಂಟಿಕೊಳ್ಳುತ್ತವೆ. ಒಂದೇ ಚಿತ್ರದಲ್ಲಿ ಪರೀಕ್ಷಿಸಿದರೆ ಇದು ಕಣ್ಣಿಗೆ ಬೀಳುವುದು ಕಷ್ಟ. ಬೇರೆ ಬೇರೆ ಎರಡು ಚಿತ್ರ ಒಂದರ ಹಿಂದೊಂದು ಕಳಿಸಿ ನೋಡಿ.

ಸಿ ಸಿಮ್ಯುಲೇಷನ್ ಪಾಸಾದ ಮಾತ್ರಕ್ಕೆ ನಂಬಬೇಡಿ, ಕೋಸಿಮ್ಯುಲೇಷನ್ (ಉಪಕರಣ ಮಾಡಿದ ಸರ್ಕ್ಯೂಟನ್ನೇ ಸಿಮ್ಯುಲೇಟ್ ಮಾಡಿ ನೋಡುವುದು) ಮಾಡಲೇಬೇಕು. ಡೇಟಾಫ್ಲೋದಲ್ಲಿ ಸ್ಟ್ರೀಮ್‌ನ ಫಿಫೋ (ಒಟ್ಟಿಗೆ ಓಡುವ ಹಂತಗಳ ನಡುವಿನ ಸರತಿ) ಆಳ ಡಿಫಾಲ್ಟ್ 2. ಹರಿವು ಎರಡಾಗಿ ಕವಲೊಡೆದು ಮತ್ತೆ ಕೂಡುವ ಕಡೆ ಒಂದು ದಾರಿ ತಡವಾದರೆ ಎಲ್ಲವೂ ನಿಂತುಬಿಡುತ್ತದೆ. ಸಿ ಸಿಮ್ಯುಲೇಷನ್‌ನಲ್ಲಿ ಇದು ಕಾಣುವುದಿಲ್ಲ.

ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ನಂಬಿ ಪ್ಲೇಸ್ ಅಂಡ್ ರೂಟ್ (ಸರ್ಕ್ಯೂಟನ್ನು ಚಿಪ್ಪಿನ ಮೇಲೆ ಕೂರಿಸಿ ತಂತಿ ಜೋಡಿಸುವ ಹಂತ) ಹಚ್ಚಬೇಡಿ. ಈ ಕೆಲಸ ಮಾಡುವ ವಿವಾಡೊ ತಂತ್ರಾಂಶ ಪ್ರತಿ ಹಂತ ಮುಗಿದಾಗ ಚೆಕ್‌ಪಾಯಿಂಟ್ ಬರೆಯುತ್ತದೆ, ಅಲ್ಲಿಂದ ಮುಂದುವರಿಸಬಹುದು. ಅರ್ಧಕ್ಕೆ ನಿಂತ ಹಂತ ಮಾತ್ರ ಮೊದಲಿಂದ. ರೂಟ್ ಆದಮೇಲೆ ಡಬ್ಲ್ಯುಎನ್‌ಎಸ್ (ಅತಿ ನಿಧಾನದ ದಾರಿಗೆ ಮಿಗುವ ಸಮಯ) ಋಣವಾಗಿದ್ದರೆ ಬೋರ್ಡಿಗೆ ಹಾಕಬೇಡಿ. ತಂಪಿನಲ್ಲಿ ಸರಿ ಓಡಿದ್ದು ಒಣಗಿಸುವ ಒಲೆಯ ಪಕ್ಕ ಕೈಕೊಡಬಹುದು.